ಸೂಚನೆ ಬಾರದ ದಿನ: ಬೆನಗಲ್ ನರಸಿಂಗ ರಾಯರು ಮತ್ತು ಕಾಸರಗೋಡಿನ ಕಿರಿಯ ವಕೀಲರು

1950ರ ಜೂನ್ 27. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕೊರಿಯಾ ಯುದ್ಧದ ಬಗ್ಗೆ ಎರಡನೇ ಗೊತ್ತುವಳಿ ಮತಕ್ಕೆ ಬಂತು. ಆ ತಿಂಗಳು ಅಧ್ಯಕ್ಷರಾಗಿದ್ದವರು ಭಾರತದ ಬೆನಗಲ್ ನರಸಿಂಗ ರಾವ್. ಕದನ ನಿಲ್ಲಿಸಿ ಎಂಬ ಮೊದಲ ಗೊತ್ತುವಳಿಗೆ 25ರಂದು ಅವರು ಒಪ್ಪಿಗೆ ಕೊಟ್ಟಿದ್ದರು. ಎರಡನೆಯದು ದಕ್ಷಿಣ ಕೊರಿಯಾಕ್ಕೆ ನೆರವು ಕೊಡಿ ಎಂದು ಸದಸ್ಯ ದೇಶಗಳನ್ನು ಕೇಳುವಂಥದ್ದು. ದೆಹಲಿಯ ಸೂಚನೆ ತಲುಪಿರಲಿಲ್ಲ, ರಾಯರು ಮತ ಹಾಕಲಿಲ್ಲ. ಈಜಿಪ್ಟಿನ ಪ್ರತಿನಿಧಿಯೂ ಹಾಕಲಿಲ್ಲ. ಏಳು ಪರ, ಒಂದು ವಿರೋಧ, ಗೊತ್ತುವಳಿ ಪಾಸಾಯಿತು. ಭಾರತ ಅದನ್ನು ಒಪ್ಪಿದ್ದು 29ರಂದು.

ಇದನ್ನು ಅಳುಕು ಎನ್ನುವವರು ವಕೀಲಿ ವೃತ್ತಿಯ ಮೊದಲ ಪಾಠವನ್ನೇ ಮರೆತಿದ್ದಾರೆ. ಕಕ್ಷಿದಾರ ಹೇಳದೆ ರಾಜಿ ಅರ್ಜಿಗೆ ಸಹಿ ಹಾಕಬಾರದು ಎಂಬುದು ಕಾಸರಗೋಡಿನ ವಿದ್ಯಾನಗರದ ಕೋರ್ಟಿಗೆ ನಿನ್ನೆ ಸೇರಿದ ಜೂನಿಯರ್‌ಗೂ ಗೊತ್ತು. ರಾಯಭಾರಿಯ ಕಕ್ಷಿದಾರ ಅವನ ಸರಕಾರ.

ರಾಯರು ಹುಟ್ಟಿದ್ದು 1887ರಲ್ಲಿ, ಮಂಗಳೂರಿನಲ್ಲಿ. ಕಾಸರಗೋಡು ಆಗ ಅದೇ ಜಿಲ್ಲೆಯ ತಾಲೂಕು, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೂ. ಅವರು ಐ.ಸಿ.ಎಸ್. ಸೇರಿ ಜಡ್ಜರಾದರು, ಕಲ್ಕತ್ತಾ ಹೈಕೋರ್ಟಿನ ಪೀಠವೇರಿದರು. ಸಿಂಧ್–ಪಂಜಾಬ್ ನೀರಿನ ವ್ಯಾಜ್ಯದ ಆಯೋಗ, ಹಿಂದೂ ಕಾನೂನು ಸಮಿತಿ, ಆಮೇಲೆ ಸಂವಿಧಾನ ಸಭೆಯ ಸಲಹೆಗಾರಿಕೆ. 1947ರ ಅಕ್ಟೋಬರಿನ ಮೊದಲ ಕರಡು ಅವರದೇ. ವಿಶ್ವಸಂಸ್ಥೆಗೆ ಹೋಗುವಾಗ ವಯಸ್ಸು ಅರವತ್ತು ದಾಟಿತ್ತು. ಕೊನೆಗೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, 1953ರಲ್ಲಿ ತೀರಿಕೊಂಡರು. ಇಷ್ಟೆಲ್ಲದರ ಉದ್ದಕ್ಕೂ ಮಾಡಿದ್ದು ಒಂದೇ ಕೆಲಸ: ಒಂದು ಪದಕ್ಕೆ ಎಷ್ಟು ಭಾರ ಎಂದು ತೂಗಿ ಬರೆಯುವುದು.

ಆ ಕೆಲಸದ ಅಭ್ಯಾಸ ನಮ್ಮೂರಿನಲ್ಲಿ ಮೊದಲಿನಿಂದ ಇದೆ. ಇಲ್ಲಿನ ಹಳೆಯ ಜಮೀನು ದಸ್ತಾವೇಜುಗಳು ಕನ್ನಡದಲ್ಲಿವೆ. ಮೂಲಗೇಣಿ ಎಂದರೆ ಶಾಶ್ವತ ಹಕ್ಕು, ಚಾಲಗೇಣಿ ಎಂದರೆ ಅದಲ್ಲ. ಮಲಯಾಳಕ್ಕೆ ತರ್ಜುಮೆ ಮಾಡುವವರು ಎರಡಕ್ಕೂ ‘ಪಾಟ್ಟಂ’ (ಗೇಣಿ) ಎಂದಷ್ಟೇ ಬರೆದರೆ ದಾವೆಯ ಬುಡವೇ ಕುಸಿಯುತ್ತದೆ. ಆಗ ಮೂಲ ಕನ್ನಡ ಪ್ರತಿ ತೆಗೆದು ತೋರಿಸಬಹುದು. ದೇಶ ದೇಶಗಳ ಒಪ್ಪಂದಗಳಲ್ಲಿ ಆ ದಾರಿ ಇಲ್ಲ. ಒಪ್ಪಂದಗಳಿಗೇ ನಿಯಮ ಹಾಕುವ 1969ರ ವಿಯೆನ್ನಾ ಒಪ್ಪಂದದ 33ನೇ ವಿಧಿಯ ಪ್ರಕಾರ, ಎರಡು ಭಾಷೆಗಳಲ್ಲಿ ದೃಢೀಕರಿಸಿದ ಪಠ್ಯಗಳಿಗೆ ಸಮಾನ ಅಧಿಕಾರ. ಇಂಥದೇ ಮೇಲು ಎಂದು ಮೊದಲೇ ಒಪ್ಪಿದ್ದರೆ ಮಾತ್ರ ಬೇರೆ. ಅರ್ಥ ಹೊಂದದಿದ್ದಾಗ ಮೊದಲು ಅರ್ಥೈಸುವ ಸಾಮಾನ್ಯ ನಿಯಮಗಳಾದ 31, 32ನೇ ವಿಧಿಗಳ ದಾರಿ ಹಿಡಿಯಬೇಕು. ಆಗಲೂ ಬಗೆಹರಿಯದಿದ್ದರೆ ಉದ್ದೇಶಕ್ಕೆ ತಕ್ಕಂತೆ ಎರಡನ್ನೂ ಹೊಂದಿಸುವ ಅರ್ಥ ಹುಡುಕಬೇಕು. 7ನೇ ವಿಧಿಯ ‘ಫುಲ್ ಪವರ್ಸ್’, ಅಂದರೆ ದೇಶದ ಪರವಾಗಿ ಸಹಿ ಹಾಕಲು ಕೊಡುವ ಅಧಿಕಾರ ಪತ್ರ, ನಮ್ಮ ವಕಾಲತ್‌ನಾಮೆಯ ಅಣ್ಣ ಎನ್ನಿ.

ರಾಯಭಾರಿಯಾಗಬೇಕೆನ್ನುವ ಕಿರಿಯ ವಕೀಲರಿಗೆ ಈಗಿನ ದಾರಿ ಯು.ಪಿ.ಎಸ್.ಸಿ. ಪರೀಕ್ಷೆ. ಅದರ ಮೊದಲ ಹಂತವಾದ ಪ್ರಿಲಿಮ್ಸ್‌ನ ಪ್ರಶ್ನೆಗಳು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದವರು ಹೆಚ್ಚು ಎಡವುವುದು ಇಲ್ಲೇ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಮಲಯಾಳವೇ ತೆಗೆದುಕೊಳ್ಳಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ: 300 ಅಂಕಗಳ ಭಾರತೀಯ ಭಾಷೆಯ ಪತ್ರಿಕೆಗೆ ಕೇರಳದವರೂ ಕನ್ನಡ ಆರಿಸಬಹುದು, 75 ಬಂದರೆ ಸಾಕು. ಐಚ್ಛಿಕ ವಿಷಯ ಕಾನೂನಾದರೆ 250ರ ಎರಡು ಪತ್ರಿಕೆಗಳು, ಅಂತಾರಾಷ್ಟ್ರೀಯ ಕಾನೂನು ಮೊದಲನೆಯದರಲ್ಲಿದೆ. ಗೈಡು ಬಾಯಿಪಾಠ ಮಾಡಿ ಹೋದವರು ವಿಧಿಯ ಸಂಖ್ಯೆ ಬರೆದು ನಿಲ್ಲುತ್ತಾರೆ, ಅದರ ಪದಗಳು ಅವರ ಕೈಯಲ್ಲಿರುವುದಿಲ್ಲ. ವಿಯೆನ್ನಾ ಒಪ್ಪಂದದಲ್ಲಿ ಇರುವುದು 85 ವಿಧಿಗಳು. ದಿನಕ್ಕೆ ಐದರಂತೆ ಓದಿದರೆ ಹದಿನೇಳು ದಿನ.