ಬೋಲಸ್‌ಗೂ ಮುಂಚೆ ಪ್ರೋಬ್

ಕೂಸಿನ ಬಿಪಿ ಇಳಿಯಿತೆಂದರೆ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕೈ ಮೊದಲು ಹೋಗೋದು ಸಲೈನ್ ಕಡೆಗೆ. ಕೆಜಿಗೆ 10 ಎಂಎಲ್ ಬೋಲಸ್ (ಸ್ವಲ್ಪ ಹೊತ್ತಿನಲ್ಲೇ ಕೊಟ್ಟು ಮುಗಿಸುವ ದ್ರವ), ಏರದಿದ್ದರೆ ಇನ್ನೊಂದು, ಮೇಲೆ ಬಿಪಿ ಏರಿಸುವ ಡೋಪಮಿನ್. ರಕ್ತ ಕಳಕೊಂಡ ಕೂಸಿಗೆ ಬೋಲಸ್ ಸರಿ. ಹುಟ್ಟುವಾಗ ಉಸಿರುಗಟ್ಟಿದ ಕೂಸಿನ ಹೃದಯಕ್ಕೆ ಹಿಂಡುವ ಶಕ್ತಿಯೇ ಕುಂದಿದ್ದರೆ, ಎರಡನೇ ಬೋಲಸ್ ಶ್ವಾಸಕೋಶದಲ್ಲಿ ನೀರಾಗಿ ನಿಲ್ಲುತ್ತದೆ. ಮಾನಿಟರ್ ಮೇಲೆ ಇಬ್ಬರ ಅಂಕಿಯೂ ಒಂದೇ.

ವ್ಯತ್ಯಾಸ ಕಾಣೋದು ಎಕೋದಲ್ಲಿ, ಅಂದರೆ ಎದೆ ಮೇಲೆ ಪ್ರೋಬ್ ಇಟ್ಟು ಮಾಡುವ ಹೃದಯದ ಅಲ್ಟ್ರಾಸೌಂಡ್‌ನಲ್ಲಿ. ಎಡ ಹೃತ್ಕುಕ್ಷಿ (ಹೃದಯದ ಕೆಳಗಿನ ಕೋಣೆ) ಖಾಲಿಯಾಗಿ ಗೋಡೆಗಳು ಒಂದಕ್ಕೊಂದು ತಾಗುತ್ತಿದ್ದರೆ ದ್ರವ ಬೇಕು. ತುಂಬಿದ್ದೂ ಸೋಮಾರಿಯಾಗಿ ಬಡಿಯುತ್ತಿದ್ದರೆ ಹಿಂಡುವ ಶಕ್ತಿ ಹೆಚ್ಚಿಸುವ ಡೊಬುಟಮಿನ್. ಜೋರಾಗಿ ಬಡಿಯುತ್ತಿದೆ, ಡಯಾಸ್ಟಾಲಿಕ್ (ಬಿಪಿಯ ಕೆಳಗಿನ ಅಂಕಿ) ಮಾತ್ರ ತೀರಾ ಕೆಳಗಿದೆ ಅಂದರೆ ನಂಜಿನಿಂದ ರಕ್ತನಾಳ ಸಡಿಲವಾಗಿರಬಹುದು, ನಾಳ ಬಿಗಿಮಾಡುವ ನಾರ್‌ಅಡ್ರಿನಲಿನ್ ಯೋಚಿಸಿ. ಬಲಭಾಗ ಊದಿ ನಡುಗೋಡೆ ಎಡಕ್ಕೆ ಚಪ್ಪಟೆಯಾಗಿದ್ದರೆ ಶ್ವಾಸಕೋಶದ ಒತ್ತಡ ಇಳಿದಿಲ್ಲ. ಅವಧಿಪೂರ್ವ ಕೂಸಿನಲ್ಲಿ ಡಕ್ಟಸ್ (ಮಹಾಅಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವಿನ, ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳ) 1.5 ಮಿಮೀಗಿಂತ ಅಗಲವಿದ್ದು, ಎಡ ಹೃತ್ಕರ್ಣ (ಮೇಲಿನ ಕೋಣೆ) ಮಹಾಅಪಧಮನಿಯ ಅಗಲದ ಒಂದೂವರೆ ಪಟ್ಟು ದಾಟಿದ್ದರೆ ರಕ್ತ ಶ್ವಾಸಕೋಶಕ್ಕೆ ಸೋರುತ್ತಿದೆ. ಹೊಕ್ಕುಳ ಲೈನ್ (ಹೊಕ್ಕುಳಿನ ರಕ್ತನಾಳದಲ್ಲಿ ಹಾಕಿದ ಕೊಳವೆ) ಇದ್ದ ಕೂಸು ಏಕಾಏಕಿ ಕುಸಿದರೆ ಮೊದಲು ಹೃದಯದ ಸುತ್ತ ನೀರು ಸೇರಿದೆಯಾ ನೋಡಿ.

ಪ್ರೋಬ್ 8–12 ಮೆಗಾಹರ್ಟ್ಸ್‌ದು. ಬೆಳಗಾವಿಯ ಮಳೆಗಾಲದ ಥಂಡಿಯಲ್ಲಿ ಜೆಲ್ ಬೆಚ್ಚಗಿರಲಿ. ಕೈಭಾರ ಎದೆ ಮೇಲೆ ಬೀಳಬಾರದು, ಸ್ಯಾಚುರೇಶನ್ (ರಕ್ತದ ಆಮ್ಲಜನಕ ಮಟ್ಟ) ಇಳಿದರೆ ಪ್ರೋಬ್ ತೆಗೆಯಿರಿ. ಚಂದದ ಚಿತ್ರದ ಆಸೆಗೆ ಅರ್ಧ ಗಂಟೆ ಒತ್ತುವವರಿದ್ದಾರೆ, ಅದು ಬೇಡ. ಔಷಧ ಬದಲಿಸಿದ ಮೇಲೆ ಮತ್ತೆ ನೋಡಿ. ಒಂದು ಎಕೋ ಆ ಹೊತ್ತಿನ ಮಾತನ್ನಷ್ಟೇ ಹೇಳುತ್ತದೆ.

ಮಾನಿಟರ್ ಅಂಕಿಯೂ ನಂಬುವಂತಿರಬೇಕಲ್ಲ! ಕಫ್ ಚಿಕ್ಕದಾದರೆ ಬಿಪಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಸ್ಯಾಚುರೇಶನ್‌ಗೆ ಒಂದು ಸೆನ್ಸರ್ ಬಲಗೈಗೆ, ಇನ್ನೊಂದು ಕಾಲಿಗೆ. ಕಾಲಿನದು 10 ಅಂಕಿ ಕಡಿಮೆ ಇದ್ದರೆ ಡಕ್ಟಸ್ ಮೂಲಕ ನೀಲಿ ರಕ್ತ ಕೆಳಗೆ ಹೋಗುತ್ತಿದೆ. ಅಂತರ ಇಲ್ಲವೆಂದು ಶ್ವಾಸಕೋಶದ ಒತ್ತಡ ಹೆಚ್ಚಿಲ್ಲ ಅನ್ನಬೇಡಿ, ರಕ್ತ ಹೃತ್ಕರ್ಣಗಳ ನಡುವೆಯೇ ದಾಟುತ್ತಿರಬಹುದು. ಮೂತ್ರದ ಪ್ರಮಾಣ, ಲ್ಯಾಕ್ಟೇಟ್ (ಅಂಗಾಂಗಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಆಮ್ಲ) ಜೊತೆಗಿಟ್ಟು ಓದಿ.

ಡಕ್ಟಸ್ ಮುಚ್ಚುವ ಔಷಧಕ್ಕೆ ಮುನ್ನ ಹೃದಯದ ರಚನೆ ಸರಿಯಿದೆಯೆಂದು ಮಕ್ಕಳ ಹೃದಯತಜ್ಞರಿಂದ ಖಚಿತವಾಗಲಿ. ಡಕ್ಟಸ್ ಮೇಲೆಯೇ ಬದುಕಿರುವ ಕೂಸಾದರೆ ಅದು ಮುಚ್ಚಿತೆಂದರೆ ಮುಗಿಯಿತು. ಅಂಥ ಕೂಸನ್ನು ವಿಜಯಪುರದಿಂದ ಬೆಂಗಳೂರಿಗೆ ಕಳಿಸುವಾಗ, 500 ಕಿಮೀಗೂ ಹೆಚ್ಚಿನ ದಾರಿ, ಡಕ್ಟಸ್ ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಹೊರಡುವ ಕಡೆಯೇ ಶುರುವಾಗಿರಬೇಕು. ಉಸಿರು ನಿಲ್ಲಿಸಬಹುದಾದ ಔಷಧ ಅದು, ವೆಂಟಿಲೇಟರ್ ಸಿದ್ಧವಿರಲಿ. ಲೈನ್ ಕಿತ್ತರೆ ಸ್ವಲ್ಪ ಹೊತ್ತಿನಲ್ಲೇ ಪರಿಣಾಮ ಇಳಿಯುತ್ತದೆ, ಆದ್ದರಿಂದ ಹೊರಡುವ ಮುನ್ನವೇ ಎರಡನೇ ಐವಿ ಹಾಕಿಡಿ.