ಎರಡು ಬಗೆಯ ಏಳು

ನಮ್ಮ ಶಾಲೆಯ ಹಿಂದೆ, ಬೇಲಿಯಿಂದ ಸ್ವಲ್ಪ ಈಚೆಗೆ, ಒಂದು ಮಳೆಮಾಪಕ ಇದೆ. ಈಗಿನ ಮಕ್ಕಳೂ ನೋಡಿರುತ್ತಾರೆ. ಸುತ್ತ ಮರ ಇಲ್ಲ, ಗೋಡೆ ಇಲ್ಲ. ನಾವು ಆಡುವಾಗ ಚೆಂಡು ಅತ್ತ ಉರುಳಿದರೆ ಓಟ ನಿಲ್ಲಿಸಿ ನಡೆದು ಹೋಗಿ ತರುತ್ತಿದ್ದೆವು. ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ದೊಡ್ಡ ತರಗತಿಯವರು ಮಾಡುತ್ತಿದ್ದರು, ನಾವೂ ಮಾಡಿದೆವು.

ದಿನಾ ಬೆಳಿಗ್ಗೆ ಮೊದಲ ಗಂಟೆಗೂ ಮುಂಚೆ ಒಬ್ಬ ಅಜ್ಜ ಅಲ್ಲಿಗೆ ಬರುತ್ತಿದ್ದರು. ಮೇಲಿನ ಲಾಳಿಕೆ ತೆಗೆದು, ಒಳಗಿನ ಬಾಟಲಿಯ ನೀರನ್ನು ಗೀಟು ಹಾಕಿದ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಿದ್ದರು. ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆಯುತ್ತಿದ್ದರು. ನೀರನ್ನು ಚೆಲ್ಲಿ, ಎಲ್ಲ ಮೊದಲಿನಂತೆ ಇಟ್ಟು ಹೋಗುತ್ತಿದ್ದರು. ಐದು ನಿಮಿಷದ ಕೆಲಸ. ನಾನು ಎಂಟು ವರ್ಷ ಆ ಶಾಲೆಯಲ್ಲಿದ್ದೆ. ಅಷ್ಟೂ ವರ್ಷ ಅವರನ್ನು ನೋಡಿದ್ದೆ. ಒಂಬತ್ತನೇ ತರಗತಿಗೆ ಬರುವ ತನಕ ಒಮ್ಮೆಯೂ ಮಾತಾಡಿಸಿರಲಿಲ್ಲ.

ಆ ವರ್ಷ ನಮ್ಮ ವಿಜ್ಞಾನದ ಟೀಚರ್ ಒಂದು ಮಾತು ಎತ್ತಿದರು. ಊರಿಗಾಗಿ ಸುಮ್ನೆ ದುಡಿಯುತ್ತಿರುವ ಹಿರಿಯರನ್ನು ಶಾಲೆಗೆ ಕರೆದು ಸನ್ಮಾನ ಮಾಡೋಣ ಅಂದರು. ದಿನ ಯಾವುದು ಎಂಬ ಚರ್ಚೆ ಬಂತು. ಅಕ್ಟೋಬರ್ 1 ಹಿರಿಯರ ದಿನ. ವಿಶ್ವಸಂಸ್ಥೆ 1990ರಲ್ಲಿ ತೀರ್ಮಾನ ಮಾಡಿ, 1991ರಿಂದ ಆಚರಣೆಗೆ ಬಂದದ್ದು. ಡಿಸೆಂಬರ್ 5 ಸ್ವಯಂಸೇವಕರ ದಿನ. ಅದು ಇನ್ನೂ ಹಳೆಯದು, 1985ರಲ್ಲಿ ಗೊತ್ತು ಮಾಡಿದ್ದು. ನಾವೆಲ್ಲ ಅಕ್ಟೋಬರ್ ಅಂದೆವು. ಟೀಚರ್ ಒಪ್ಪಲಿಲ್ಲ. "ವಯಸ್ಸಾಯ್ತು ಅಂತ ಅವರನ್ನ ಕರೀತಿಲ್ಲ. ಕೆಲಸ ಮಾಡ್ತಿದ್ದಾರೆ ಅಂತ ಕರೀತಿದ್ದೀವಿ. ಡಿಸೆಂಬರ್ ಐದೇ ಇರಲಿ" ಅಂದರು. ಆ ಮಾತು ನನಗೆ ಇವತ್ತಿಗೂ ಸರಿ ಅನಿಸುತ್ತದೆ.

ಹೆಸರು ಹುಡುಕುವ ಕೆಲಸ ನಾಲ್ಕು ಮಂದಿಗೆ ಬಂತು. ಅದರಲ್ಲಿ ನಾನೂ ಒಬ್ಬಳು. ಒಂದೇ ಸಂಜೆಯಲ್ಲಿ ಪಟ್ಟಿ ಮಾಡಿ ಕೊಟ್ಟೆವು. ಟೀಚರ್ ಓದಿ ಹಿಂದಕ್ಕೆ ಕೊಟ್ಟರು. "ಇವರೆಲ್ಲ ಒಳ್ಳೆಯವರೇ. ಆದರೆ ಇವರ ಹೆಸರು ನಿಮಗೆ ಹೇಗೆ ಗೊತ್ತು? ವೇದಿಕೆ ಮೇಲೆ ನೋಡಿದ್ದೀರಿ, ಅಲ್ವಾ? ಒಂದು ವಾರ ಪಟ್ಟಿ ಬೇಡ. ಸುಮ್ನೆ ನೋಡ್ತಾ ಇರಿ. ನೀವು ಬರೋ ಮುಂಚೆ ಯಾರು ಏನು ಮಾಡಿ ಮುಗಿಸಿರ್ತಾರೆ ಅಂತ ನೋಡಿ."

ನೋಡಿದೆವು. ಗ್ರಂಥಾಲಯದಲ್ಲಿ ಹರಿದ ಪುಸ್ತಕ ತಾನಾಗಿ ಸರಿಯಾಗುತ್ತಿರಲಿಲ್ಲ. ಮಧ್ಯಾಹ್ನ ಒಬ್ಬ ಅಜ್ಜಿ ಬಂದು ಅಂಟು ಹಚ್ಚಿ, ಬೆನ್ನಿಗೆ ದಾರ ಹೊಲಿದು ಹೋಗುತ್ತಿದ್ದರು. ಕೊಳಾಯಿಯ ಪಂಪು ಕೆಟ್ಟ ರಾತ್ರಿ ಟಾರ್ಚ್ ಹಿಡಿದು ಬರುತ್ತಿದ್ದವರು ಇಬ್ಬರು ಅಣ್ಣತಮ್ಮಂದಿರು, ಇಬ್ಬರಿಗೂ ಎಪ್ಪತ್ತು ದಾಟಿತ್ತು. ಓದಲು ಬಾರದವರಿಗೆ ಅರ್ಜಿ ಬರೆದುಕೊಟ್ಟು, ಅದನ್ನು ಅವರಿಗೇ ಎರಡು ಸಲ ಓದಿ ಹೇಳಿ, ಆಮೇಲೆ ಸಹಿ ಹಾಕಿಸುತ್ತಿದ್ದ ನಿವೃತ್ತ ಗುಮಾಸ್ತರೊಬ್ಬರಿದ್ದರು. ಮತ್ತೆ ಮಳೆಮಾಪಕದ ಅಜ್ಜ.

ಅಜ್ಜನ ಸನ್ಮಾನ ಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ನಾನು ತುಂಬ ಮನಸ್ಸಿಟ್ಟು ಬರೆದೆ. ತ್ಯಾಗ, ನಿಸ್ವಾರ್ಥ, ಆದರ್ಶ, ದಾರಿದೀಪ, ನನಗೆ ಗೊತ್ತಿದ್ದ ದೊಡ್ಡ ಪದಗಳೆಲ್ಲ ಅದರಲ್ಲಿದ್ದವು. ವೇದಿಕೆಯಲ್ಲಿ ಓದುವ ಮೊದಲು ಅವರಿಗೇ ತೋರಿಸಿ ಬರಬೇಕು ಅಂತ ಟೀಚರ್ ಕಟ್ಟುನಿಟ್ಟಾಗಿ ಹೇಳಿದ್ದರು. ತೆಗೆದುಕೊಂಡು ಅವರ ಮನೆಗೆ ಹೋದೆ. ಅಜ್ಜ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಚೆನ್ನಾಗಿ ಬರೆದಿದ್ದೀಯಮ್ಮ. ಆದ್ರೆ ಮಳೆ ಎಲ್ಲಿ?" ಅಂದರು.

ಆಮೇಲೆ ಒಳಗೆ ಹೋಗಿ ಪುಸ್ತಕಗಳನ್ನು ತಂದರು. ಒಂದೊಂದು ವರ್ಷಕ್ಕೆ ಒಂದೊಂದು. ಮೂವತ್ತಕ್ಕಿಂತ ಜಾಸ್ತಿ ಇದ್ದವು. ಅಂದು ಅವರು ಕಲಿಸಿದ್ದನ್ನು ನಾನು ಎಲ್ಲೂ ಬರೆದುಕೊಳ್ಳಲಿಲ್ಲ, ಆದರೂ ಮರೆತಿಲ್ಲ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಅಳತೆಯ ಗಾಜಿನಲ್ಲಿ ನೀರು ಅಂಚಿಗೆ ಸ್ವಲ್ಪ ಏರಿ ನಡುವೆ ತಗ್ಗಿರುತ್ತದೆ, ಆ ತಗ್ಗನ್ನೇ ಓದಬೇಕು. ದಿನಾ ಒಂದೇ ಹೊತ್ತಿಗೆ ನೋಡಬೇಕು. ಮಳೆ ಬರದ ದಿನವೂ ಹೋಗಿ ನೋಡಿ ಸೊನ್ನೆ ಬರೆಯಬೇಕು.

"ಬಿಸಿಲಿದ್ದ ದಿನ ಸಹ ಹೋಗಬೇಕಾ ಅಜ್ಜ? ಮಳೆ ಬಂದಿಲ್ಲ ಅಂತ ಗೊತ್ತೇ ಇರುತ್ತಲ್ಲ?" ಅಂತ ಕೇಳಿದೆ.

"ರಾತ್ರಿ ನೀನು ಮಲಗಿದ್ದಾಗ ನಾಲ್ಕು ಹನಿ ಬಿದ್ದಿದ್ರೆ? ನೋಡಿ ಬರೆದ್ರೆ ಅದು ಸೊನ್ನೆ. ನೋಡದೆ ಬರೆದ್ರೆ ಸುಳ್ಳು. ನೋಡೋಕೆ ಆಗದ ದಿನ ಜಾಗ ಖಾಲಿ ಬಿಡಬೇಕು."

ಪುಟ ತಿರುವಿದೆ. ಸೊನ್ನೆ, ಸೊನ್ನೆ, ಸೊನ್ನೆ. ನಡುವೆ ಎಲ್ಲೋ ಒಂದು 3.2, ಒಂದು 17.4. ಮತ್ತೆ ಸಾಲು ಸಾಲು ಸೊನ್ನೆ. ಆ ಸೊನ್ನೆಗಳಲ್ಲಿ ಪ್ರತಿಯೊಂದಕ್ಕೂ ಒಬ್ಬರು ಎದ್ದು, ನಡೆದು ಬಂದು, ಖಾಲಿ ಬಾಟಲಿ ನೋಡಿ ಹೋಗಿದ್ದರು. ನನ್ನ ಸನ್ಮಾನ ಪತ್ರದಲ್ಲಿ ಇದು ಒಂದಕ್ಷರವೂ ಇರಲಿಲ್ಲ. ಹಳ್ಳಕ್ಕೆ ಸೇತುವೆ ಕಟ್ಟುವಾಗ ಇಂಜಿನಿಯರು ಬಂದು, ಒಂದೇ ದಿನ ಅತಿ ಜಾಸ್ತಿ ಮಳೆ ಬಿದ್ದದ್ದು ಎಷ್ಟು ಅಂತ ಈ ಪುಸ್ತಕದಿಂದಲೇ ಬರೆದುಕೊಂಡು ಹೋಗಿದ್ದರಂತೆ. ನಾನು ದಿನಾ ಆ ಸೇತುವೆ ದಾಟಿ ಶಾಲೆಗೆ ಬರುತ್ತಿದ್ದೆ.

ಹಾಗೆ ನೋಡುತ್ತಾ ಇರುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಜ್ಜ 7 ಬರೆಯುವಾಗ ನಡುವೆ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಕೆಲವು ಪುಟಗಳಲ್ಲಿ ಆ ಗೆರೆ ಇರಲಿಲ್ಲ. ಒಂದು ಕಡೆ ಇಡೀ ಎರಡು ತಿಂಗಳು ಗೆರೆ ಇಲ್ಲದ 7. ಇನ್ನೊಂದು ವರ್ಷ ವಾರಕ್ಕೆ ಎರಡು ಮೂರು ದಿನ ಹಾಗೆ. ಕೇಳಿದೆ. ಅಜ್ಜ ಒಳಗಡೆ ನೋಡಿದರು. "ಅದು ಇವಳು ಬರೆದಿದ್ದು. ನನಗೆ ಕಾಲು ಮುರಿದಾಗ ದಿನಾ ಇವಳೇ ಹೋಗ್ತಿದ್ದಳು. ನಾನು ಬೇರೆ ಊರಿಗೆ ಹೋದಾಗಲೂ ಇವಳೇ."

ಅಜ್ಜಿ ಬಾಗಿಲ ಹತ್ತಿರ ಬಂದು ನಿಂತರು. "ಅದೇನು ಮಹಾ ಬಿಡು. ಅವರ ಕೆಲಸ ಅದು" ಅಂದರು.

ಎಣಿಸಲು ಕೂತೆ. ಪೂರ್ತಿ ಎಣಿಸಲು ಆಗಲಿಲ್ಲ. 7 ಇಲ್ಲದ ದಿನ ಯಾರು ಬರೆದದ್ದು ಅಂತ ಗುರುತಿಸುವುದು ಕಷ್ಟ, ಸೊನ್ನೆಗಳಂತೂ ಇಬ್ಬರದೂ ಒಂದೇ ತರ. ಆದರೂ ಅಜ್ಜಿ ನೋಡಿದ ದಿನಗಳು ನೂರಾರು ಎಂಬುದು ಆ ಸಂಜೆಗೇ ಗೊತ್ತಾಯಿತು. ಪುಸ್ತಕದ ಮೇಲೆ ಇದ್ದದ್ದು ಒಂದೇ ಹೆಸರು. ನಮ್ಮ ಪಟ್ಟಿಯಲ್ಲೂ ಒಂದೇ ಹೆಸರು. ಟೀಚರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಉಳಿದ ಮೂವರಿಗೂ ಹೇಳಿದರು, "ನಿಮ್ಮ ನಿಮ್ಮ ಹಿರಿಯರ ಹತ್ರ ಮತ್ತೆ ಹೋಗಿ. ಜೊತೆಗೆ ಯಾರು ಮಾಡ್ತಿದ್ರು ಅಂತ ಕೇಳಿ ಬನ್ನಿ." ಅವತ್ತಿಗೆ ಐದಿದ್ದ ಹೆಸರು ವಾರದ ಕೊನೆಗೆ ಒಂಬತ್ತಾಯಿತು.

ಕಾರ್ಯಕ್ರಮದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾನು ಆಮೇಲೆ ಬೇರೆ ಕಡೆ ಇಂಥ ಸಭೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಿರಿಯರನ್ನು ಎರಡು ಗಂಟೆ ಮೊದಲೇ ಕೂರಿಸಿ, ಅತಿಥಿಗಳ ಭಾಷಣವೆಲ್ಲ ಮುಗಿದ ಮೇಲೆ, ಜನ ಎದ್ದು ಹೋಗುವ ಹೊತ್ತಿಗೆ ಅವರನ್ನು ಕರೆಯುತ್ತಾರೆ. ನನಗೆ ಅದನ್ನು ನೋಡಲು ಆಗುವುದಿಲ್ಲ. ನಮ್ಮ ಟೀಚರ್ 40 ನಿಮಿಷಕ್ಕೆ ಎಲ್ಲ ಮುಗಿಸಿದರು. ಕೈ ಇರುವ ಕುರ್ಚಿಗಳನ್ನೇ ಹುಡುಕಿ ತರಿಸಿದ್ದರು, ಏಳುವಾಗ ಹಿಡಿದುಕೊಳ್ಳಲು ಆಸರೆ ಬೇಕು ಅಂತ. ವೇದಿಕೆಗೆ ಮೆಟ್ಟಿಲು ಹತ್ತಬೇಕಿತ್ತು, ಆದ್ದರಿಂದ ವೇದಿಕೆಯನ್ನೇ ಬಿಟ್ಟು ಅಂಗಳದಲ್ಲಿ ಮಾಡಿದೆವು. ಪತ್ರವನ್ನು ದಪ್ಪ ಅಕ್ಷರದಲ್ಲಿ ಬರೆಸಿದರು. ಮೊದಲು ಮಾತು ಹಿರಿಯರದು, ಆಮೇಲೆ ಉಳಿದವರದು.

ಅಜ್ಜನ ಪತ್ರವನ್ನು ನಾನು ಮತ್ತೆ ಮೊದಲಿಂದ ಬರೆದಿದ್ದೆ. ದೊಡ್ಡ ಪದ ಒಂದೂ ಇರಲಿಲ್ಲ. ಎಷ್ಟು ವರ್ಷ, ಯಾವ ಹೊತ್ತು, ಹೇಗೆ ನೋಡುತ್ತಾರೆ, ಸೇತುವೆಗೆ ಅದು ಹೇಗೆ ಬಳಕೆಯಾಯಿತು, ಸೊನ್ನೆಗೂ ಖಾಲಿ ಜಾಗಕ್ಕೂ ಏನು ವ್ಯತ್ಯಾಸ, ಇಷ್ಟೇ. ಮೇಲ್ಗಡೆ ಇಬ್ಬರ ಹೆಸರು. ಅಜ್ಜಿಯ ಹೆಸರು ಓದಿದಾಗ ಅವರು ತಮ್ಮನ್ನಲ್ಲ ಅನ್ನುವ ಹಾಗೆ ಹಿಂದೆ ತಿರುಗಿ ನೋಡಿದರು. ಅಜ್ಜ ಕೈ ಹಿಡಿದು ಎಬ್ಬಿಸಿದರು.

ನಿಮಗೆ ಏನು ಕೊಡಲಿ ಅಂತ ಟೀಚರ್ ಎಲ್ಲರನ್ನೂ ಮೊದಲೇ ಕೇಳಿದ್ದರು. ಪುಸ್ತಕದ ಅಜ್ಜಿ ಒಳ್ಳೆಯ ಸೂಜಿ ಕೇಳಿದ್ದರು. ಮಳೆಯ ಅಜ್ಜ ಅಜ್ಜಿ ಕೇಳಿದ್ದು ಬೇರೆ. "ಇಬ್ಬರೂ ಒಟ್ಟಿಗೆ ಮಗಳ ಮನೆಗೆ ಹೋಗಿ ವರ್ಷಗಳೇ ಆಯ್ತು. ಒಬ್ಬರು ಹೋದ್ರೆ ಒಬ್ಬರು ಇರಬೇಕು. ಹದಿನೈದು ದಿನ ನೀವು ನೋಡ್ಕೊಳ್ತೀರಾ?"

ನಾವು ನಾಲ್ವರೂ ಒಪ್ಪಿಕೊಂಡೆವು. ಅಜ್ಜ ಮೂರು ದಿನ ಜೊತೆಗೆ ನಿಂತು ಕಲಿಸಿ, ಪುಸ್ತಕ ಕೈಗೆ ಕೊಟ್ಟು ಹೊರಟರು.

ಒಂಬತ್ತನೇ ದಿನ ಭಾನುವಾರ. ಸರದಿ ನನ್ನದು. ಮನೆಯಲ್ಲಿ ನೆಂಟರಿದ್ದರು, ನಾನು ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಹೋದಾಗ ಬಾಟಲಿಯಲ್ಲಿ ನೀರಿತ್ತು, 14 ಮಿಲಿಮೀಟರ್. ಶನಿವಾರ ರಾತ್ರಿ ಮಳೆ ಬಂದಿತ್ತು, ಭಾನುವಾರ ಸಂಜೆಯೂ ಬಂದಿತ್ತು. ಯಾವ ದಿನ ಎಷ್ಟು ಅಂತ ಈಗ ಯಾರಿಗೂ ಹೇಳಲು ಬರುವುದಿಲ್ಲ. ಅಲ್ಲೇ ನಿಂತು ಅಳು ಬಂತು. ಗೆಳತಿ ಒಂದು ದಾರಿ ಹೇಳಿದಳು. ಅರ್ಧರ್ಧ ಮಾಡಿ, ಏಳು ಇವತ್ತಿಗೆ, ಏಳು ನಿನ್ನೆಗೆ. ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂವತ್ತು ವರ್ಷ ಕಾಪಾಡಿದ ಪುಸ್ತಕದಲ್ಲಿ ನನ್ನಿಂದ ತೂತು ಬಿತ್ತು ಎನ್ನುವುದಕ್ಕಿಂತ ಅದು ಸುಲಭ ಅನಿಸಿತು. ಪೆನ್ನು ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದೆ. ಕೊನೆಗೆ ಭಾನುವಾರ ಖಾಲಿ ಬಿಟ್ಟೆ. ಸೋಮವಾರದ ಎದುರು 14.0 ಬರೆದು, ಪಕ್ಕದಲ್ಲಿ "ಎರಡು ದಿನದ್ದು" ಅಂತ ಬರೆದೆ.

ಅವರು ಬಂದ ದಿನ ಪುಸ್ತಕ ಕೊಟ್ಟು, ತಲೆ ತಗ್ಗಿಸಿ ನಿಂತೆ. ಅಜ್ಜ ಆ ಸಾಲಿನ ಮೇಲೆ ಬೆರಳಿಟ್ಟು ಅಜ್ಜಿಗೆ ತೋರಿಸಿದರು. ಅಜ್ಜಿ ನನ್ನ ತಲೆ ಮೇಲೆ ಕೈಯಿಟ್ಟು, "ನನ್ನದೂ ಇಂಥವು ನಾಲ್ಕಿವೆ, ತೋರಿಸ್ತೀನಿ ಬಾ" ಅಂದರು.

ಮುಂದೆ ಕಾಲೇಜಿನಲ್ಲಿ ಭೂಗೋಳ ತೆಗೆದುಕೊಂಡೆ. ಅಲ್ಲಿ ಓದುವಾಗ ಅಜ್ಜ ಅಜ್ಜಿಯಂಥವರು ಎಷ್ಟೊಂದು ಕಡೆ ಇದ್ದಾರೆ ಅಂತ ತಿಳಿಯಿತು. ಬ್ರಿಟನ್ನಿನಲ್ಲಿ ಜಾರ್ಜ್ ಸೈಮನ್ಸ್ ಎಂಬವರು 1860ರಲ್ಲಿ 168 ಕಡೆಯ ಮಳೆ ಲೆಕ್ಕ ಒಟ್ಟು ಮಾಡಲು ಶುರು ಮಾಡಿದರು. 1900ರಲ್ಲಿ ಅವರು ತೀರಿಹೋಗುವ ಹೊತ್ತಿಗೆ ಅಳೆಯುವವರು 3,000ಕ್ಕೂ ಜಾಸ್ತಿ ಇದ್ದರು. ಹೆಚ್ಚಿನವರು ತಮ್ಮ ಖುಷಿಗೆ ಈ ಕೆಲಸ ಮಾಡಿದವರು. ಅಮೆರಿಕದಲ್ಲಿ ರಿಚರ್ಡ್ ಹೆಂಡ್ರಿಕ್ಸನ್ ಎಂಬ ರೈತ 1930ರಲ್ಲಿ ಬ್ರಿಡ್ಜ್‌ಹ್ಯಾಂಪ್ಟನ್‌ನ ತಮ್ಮ ಜಮೀನಿನಲ್ಲಿ ಹವಾಮಾನ ನೋಡಲು ಶುರು ಮಾಡಿದರು. 84 ವರ್ಷ ಬಿಡದೆ ಬರೆದರು. 2014ರಲ್ಲಿ ಅಲ್ಲಿನ ಹವಾಮಾನ ಇಲಾಖೆ ಅವರನ್ನು ಗೌರವಿಸಿತು. 80 ವರ್ಷ ಸೇವೆ ಮಾಡಿದವರಿಗೆ ಕೊಡುವ ಪ್ರಶಸ್ತಿಗೆ ಅವರದೇ ಹೆಸರಿಟ್ಟಿತು. ಇದನ್ನು ಓದಿದಾಗ ನಾನು ಮೊದಲು ಹುಡುಕಿದ್ದು ಅವರ ಮನೆಯಲ್ಲಿ ಇನ್ನು ಯಾರು ಬರೆಯುತ್ತಿದ್ದರು ಅಂತ.

2020ರಲ್ಲಿ ಇನ್ನೊಂದು ಕೆಲಸ ನಡೆಯಿತು. ಜನ ಮನೆಯಿಂದ ಹೊರಗೆ ಬರಲಾರದೆ ಕೂತಿದ್ದಾಗ, ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯ ಹಳೆಯ ಮಳೆ ಹಾಳೆಗಳ ಚಿತ್ರಗಳನ್ನು ಎಲ್ಲರ ಮುಂದೆ ಇಟ್ಟು, ಟೈಪ್ ಮಾಡಿಕೊಡಿ ಅಂತ ಕೇಳಿತು. ಸುಮಾರು 16,000 ಮಂದಿ ಕೈ ಜೋಡಿಸಿದರು. 66,000 ಹಾಳೆಗಳು, 50 ಲಕ್ಷಕ್ಕೂ ಹೆಚ್ಚು ಅಳತೆಗಳು. ಅಳೆದವರು ಸತ್ತು ಎಷ್ಟೋ ಕಾಲವಾಗಿತ್ತು, ಅವರ ಕೈಬರಹವನ್ನು ಗುರುತಿಲ್ಲದ ಜನ ಕೂತು ಓದಿದರು.

ನಮ್ಮ ಅಜ್ಜ ಈಗಿಲ್ಲ. ಅಜ್ಜಿ ಆಮೇಲೆ ನಾಲ್ಕು ವರ್ಷ ನೋಡಿದರು, ಕೊನೆಯ ಪುಸ್ತಕಗಳಲ್ಲಿ ಎಲ್ಲ 7ಗಳೂ ಗೆರೆ ಇಲ್ಲದವು. ಈಗ ಒಂಬತ್ತನೇ ತರಗತಿಯ ಮಕ್ಕಳು ಸರದಿಯಲ್ಲಿ ನೋಡುತ್ತಿದ್ದಾರೆ ಅಂತ ಕೇಳಿ ಸಂತೋಷವಾಯಿತು. ಹಳೆಯ ಪುಸ್ತಕಗಳು ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿವೆ. ಹೋದ ಸಲ ಬಂದಾಗ ನೋಡಿದೆ, ಎರಡು ಪುಸ್ತಕದ ಅಂಚಿಗೆ ಗೆದ್ದಲು ಹತ್ತಿದೆ. ದಯವಿಟ್ಟು ಅವನ್ನು ಮೇಲಿನ ಕಪಾಟಿಗೆ ಇಡಿ. ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ, ನೆರಳು ಬೀಳದ ಹಾಗೆ, ಕಿಟಕಿಯ ಬೆಳಕಿನಲ್ಲಿ. ಖಾಲಿ ಜಾಗವನ್ನು ಟೈಪ್ ಮಾಡುವಾಗ ಖಾಲಿಯಾಗಿಯೇ ಬಿಡಿ.

ಬರುವ ರಜೆಯಲ್ಲಿ ನಾನು ಎರಡು ವಾರ ಬರುತ್ತೇನೆ, ನಿಮ್ಮ ಜೊತೆ ಕೂತು ಟೈಪ್ ಮಾಡುತ್ತೇನೆ. ಪ್ರತಿ ಸಾಲಿನ ಪಕ್ಕ ಯಾರು ಬರೆದದ್ದು ಅಂತ ಒಂದು ಕಲಂ ಇರಲಿ. ಯಾವುದು ಯಾರ 7 ಅಂತ ನಾನು ತೋರಿಸಿಕೊಡುತ್ತೇನೆ.