ಕೆಮ್ಮಣ್ಣಿನ ರಾಜಧಾನಿಯಲ್ಲಿ ಒಂದು ದಿನ

ಬೀದರಿಗೆ ಬಂದವರು ಸಾಮಾನ್ಯವಾಗಿ ಮೊದಲು ಕೋಟೆಗೆ ಹೋಗುತ್ತಾರೆ. ಬೆಳಿಗ್ಗೆ ಮಹಮೂದ್ ಗವಾನನ ಮದರಸಾದಿಂದ ಶುರು ಮಾಡುವುದೇ ಮೇಲು. ಅದರ ಮುಖ ಪೂರ್ವಕ್ಕಿದೆ. ಎಳೆಬಿಸಿಲು ಬಿದ್ದಾಗ ಗೋಡೆಯಲ್ಲಿ ಉಳಿದಿರುವ ಮೆರುಗಿನ ಬಿಲ್ಲೆಗಳ ನೀಲಿ, ಹಸಿರು, ಬಿಳಿ ಎದ್ದು ಕಾಣುತ್ತವೆ. ಮಧ್ಯಾಹ್ನ ತಿರುಗಿತೆಂದರೆ ಅಷ್ಟೂ ನೆರಳಿನಲ್ಲಿ ಮಂಕಾಗುತ್ತದೆ. ಮೂರು ಅಂತಸ್ತಿನ ಈ ವಿದ್ಯಾಲಯ ಎದ್ದದ್ದು 1472ರಲ್ಲಿ. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿ ವಜೀರನಾದ ಗವಾನನನ್ನು, ಖೊಟ್ಟಿ ಪತ್ರವೊಂದನ್ನು ನಂಬಿ, 1481ರಲ್ಲಿ ಸುಲ್ತಾನನೇ ಕೊಲ್ಲಿಸಿದ. ಮುಂದೆ ಮೊಗಲರ ಕಾಲದಲ್ಲಿ ಒಳಗೆ ದಾಸ್ತಾನಿಟ್ಟಿದ್ದ ಮದ್ದು ಸಿಡಿದು ಒಂದು ಮಿನಾರು, ಮುಂಭಾಗದ ದೊಡ್ಡ ಪಾಲು ನೆಲಕ್ಕುರುಳಿದವು. ಈಗ ನಿಂತಿರುವುದು ಒಂದೇ ಮಿನಾರು.

ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಕಲಬುರಗಿಯನ್ನು ಬಿಟ್ಟು ಬಹಮನಿ ಸುಲ್ತಾನ ಅಹ್ಮದ್ ಷಾ ಇಲ್ಲಿಗೆ ರಾಜಧಾನಿ ಏಕೆ ತಂದ ಎನ್ನುವುದಕ್ಕೆ ಕಾಲ ಕೆಳಗಿನ ನೆಲವನ್ನೇ ನೋಡಬೇಕು. ಈ ಎತ್ತರದ ಬಯಲಿನ ಮೇಲುಹೊದಿಕೆ ಜಂಬಿಟ್ಟಿಗೆ ಎಂಬ ತೂತುತೂತಾದ ಕೆಂಪು ಕಲ್ಲು, ಅದರಡಿ ಕರಿಕಲ್ಲು. ಜಂಬಿಟ್ಟಿಗೆ ನೆಲದೊಳಗೆ ತೇವವಿದ್ದಾಗ ಮೆತ್ತಗಿರುತ್ತದೆ, ಕಡಿದು ಹೊರಗಿಟ್ಟರೆ ಗಾಳಿಗೆ ಗಟ್ಟಿಯಾಗುತ್ತದೆ. ಕೋಟೆಯ ಕಂದಕ ಕಡಿದದ್ದು ಇದೇ ಬಂಡೆಯಲ್ಲಿ. ಒಂದು ಬದಿಯಲ್ಲಿ ನಡುವೆ ಎರಡು ಬಂಡೆಗೋಡೆಗಳನ್ನು ಹಾಗೇ ಬಿಟ್ಟು ಮೂರು ಸಾಲಿನ ಕಂದಕ ಮಾಡಿದ್ದಾರೆ. ಅದನ್ನು ಸೇತುವೆಯ ಮೇಲಿಂದ ಒಮ್ಮೆ ಬಗ್ಗಿ ನೋಡಿ ಮುಂದೆ ಹೋಗಬೇಡಿ, ಅಂಚಿನಗುಂಟ ಸ್ವಲ್ಪ ನಡೆಯಿರಿ.

ನೀರಿನ ಗುಟ್ಟೂ ಇದೇ. ಮಳೆನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿಯುತ್ತದೆ, ಕರಿಕಲ್ಲು ತಡೆಯುತ್ತದೆ, ಎರಡೂ ಸೇರುವಲ್ಲಿ ಝರಿಯಾಗಿ ಒಸರುತ್ತದೆ. ನರಸಿಂಹ ಝರಣಿ, ನಾನಕ್ ಝೀರಾ ಎಲ್ಲ ಈ ಬಗೆಯವೇ. ನೌಬಾದಿನ ಸುರಂಗಬಾವಿ, ಅಂದರೆ ಕರೇಜ್, ಈ ನೀರನ್ನು ನೆಲದಡಿಯ ಇಳಿಜಾರು ಕಾಲುವೆಯಲ್ಲಿ ಹರಿಸಿ, ಅಲ್ಲಲ್ಲಿ ಕೊರೆದ ಬಾವಿಗಳಿಂದ ಸೇದುವ ಇರಾನಿ ಪದ್ಧತಿ. ಬಾವಿಯ ಬಾಯಿಗೆ ಕಸ, ಹೂಳು ಬಿದ್ದರೆ ಹರಿವು ಕಟ್ಟುತ್ತದೆ. ಊರಿನವರು ಇದನ್ನು ಕಾಯಬೇಕಾದ್ದು ಕೋಟೆಯಷ್ಟೇ ಅಕ್ಕರೆಯಿಂದ.

ಕೋಟೆಯೊಳಗೆ ಸಮಯ ಕೊಡಬೇಕಾದ್ದು ರಂಗೀನ್ ಮಹಲಿಗೆ. ಎಷ್ಟೋ ಸಲ ಬೀಗ ಹಾಕಿರುತ್ತದೆ, ಕಾವಲಿನವರನ್ನು ಕೇಳಿ ನೋಡಬೇಕು. ಕಪ್ಪು ಕಲ್ಲಿನಲ್ಲಿ ಗೆರೆ ಕೊರೆದು ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿಗಳು ಅಲ್ಲಿವೆ. ಊರ ನಡುವಿನ ಹಳೆಯ ಕಾವಲು ಗೋಪುರ ಚೌಬಾರಾ ಕಡೆಯ ಓಣಿಗಳಲ್ಲಿ ಬಿದರಿ ಕೆಲಸ ನೋಡುವಾಗ ಈ ಗೋಡೆ ನೆನಪಾಗದೇ ಇರದು. ಅಲ್ಲಿ ಕಲ್ಲಿನ ಬದಲು ಲೋಹ, ಚಿಪ್ಪಿನ ಬದಲು ಬೆಳ್ಳಿ.

ಬಿದರಿಗೆ ಸತು ಹದಿನಾರು ಪಾಲು, ತಾಮ್ರ ಒಂದು ಪಾಲು. ಮಣ್ಣಿಗೆ ಹರಳೆಣ್ಣೆ, ರಾಳ ಸೇರಿಸಿ ಅಚ್ಚು ಮಾಡಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗಿ ಗೀಚಿದ ಗೆರೆ ಕಾಣುತ್ತದೆ. ಆಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಕೂರಿಸುವುದು. ಗೆರೆ ಆಳ ಸಾಲದಿದ್ದರೆ ತಂತಿ ಮೇಲೇಳುತ್ತದೆ, ಅದಕ್ಕೇ ಕೊಳ್ಳುವಾಗ ಬೆಳ್ಳಿಯ ಮೇಲೆ ಉಗುರಾಡಿಸಿ ನೋಡಬೇಕು. ಪಾತ್ರೆ ಮತ್ತು ಬೆಳ್ಳಿ ಒಂದೇ ಮಟ್ಟದಲ್ಲಿರಬೇಕು. ಕೊನೆಯ ಕಪ್ಪು ಬರುವುದು ಹಳೆಯ ಕೋಟೆಯೊಳಗೆ ಬಿಸಿಲು, ಮಳೆ ತಾಗದೆ ಉಳಿದ ಮಣ್ಣಿನಿಂದ. ನಾಲಿಗೆಗೆ ತಾಗಿಸಿ ಮಣ್ಣಿನ ಗುಣ ಹೇಳುವ ಕಸಬುದಾರರಿದ್ದಾರೆ. ಅದನ್ನು ನವಸಾಗರದೊಂದಿಗೆ ನೀರಿನಲ್ಲಿ ಕಾಯಿಸಿ ಪಾತ್ರೆ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಣ್ಣೆ ಹಚ್ಚಿ ಒರೆಸಿದರೆ ಕಪ್ಪಿಗೆ ಆಳ ಬರುತ್ತದೆ.

ಕೊಂಡವರು ಮನೆಯಲ್ಲಿ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಬಾರದು. ಹುಳಿ ಸತುವನ್ನು ತಿನ್ನುತ್ತದೆ, ಕಪ್ಪು ಹೋಗುತ್ತದೆ. ಮೆತ್ತನೆ ಬಟ್ಟೆಗೆ ಹನಿ ಎಣ್ಣೆ ಸಾಕು. ಕೈಜಾರಿ ಬಿದ್ದರೆ ಮಾತ್ರ ಕಷ್ಟ, ಸತುವಿನ ಎರಕ ಬಾಗುವುದಿಲ್ಲ, ಒಡೆಯುತ್ತದೆ.

ಸಂಜೆಗೆ ಮೊದಲು ಊರ ಹೊರಗಿನ ಅಷ್ಟೂರಿಗೆ ತಲುಪಬೇಕು. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿವೆ. ಹುಮಾಯೂನನ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧವೇ ನಿಂತಿದೆ. ಗುಮ್ಮಟದ ಗೋಡೆ ಎಷ್ಟು ದಪ್ಪವೆಂದು ಅಲ್ಲಿ ತೆರೆದು ಕಾಣುತ್ತದೆ. ಅಹ್ಮದ್ ಷಾನ ಗೋರಿಯೊಳಗಿನ ಬಣ್ಣದ ಚಿತ್ತಾರ ಕತ್ತಲಲ್ಲಿದೆ. ಒಳಗೆ ಹೋದೊಡನೆ ಏನೂ ಕಾಣಲಿಲ್ಲವೆಂದು ಹೊರಬರಬೇಡಿ, ಕಣ್ಣು ಹೊಂದಿಕೊಳ್ಳುವ ತನಕ ಐದು ನಿಮಿಷ ನಿಲ್ಲಿ. ಕೆಂಪು, ಹೊನ್ನು, ನೀಲಿ ಒಂದೊಂದಾಗಿ ಎದ್ದು ಬರುತ್ತವೆ. ಈ ಸುಲ್ತಾನನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಎನ್ನುತ್ತಾರೆ, ಲಿಂಗಾಯತ ಭಕ್ತರು ಅಲ್ಲಮಪ್ರಭು ಎಂದು ನಡೆದುಕೊಳ್ಳುತ್ತಾರೆ. ಉರುಸಿಗೆ ಜಂಗಮರು ಬರುತ್ತಾರೆ, ತೆಂಗಿನಕಾಯಿ ಒಡೆಯುವ ಸದ್ದು ಗುಮ್ಮಟದಡಿಯಲ್ಲೇ ಕೇಳುತ್ತದೆ.